ಬಚ್ಚಲ ನೀರಿಗೊಂದು ದಾರಿ



ಬೀಜದ ವಿಷಯ, ಗೊಬ್ಬರದ ವಿಷಯ, ತೆಂಗಿನ ರೋಗದ ವಿಷಯ ನಾವು ಎಷ್ಟೋ ಸಲ ಮಾತಾಡಿದ್ದೇವೆ. ಈ ಹೊತ್ತು ಮಾತಾಡಬೇಕೆಂದಿರುವುದು ಯಾರೂ ಮಾತಾಡಲು ಇಷ್ಟಪಡದ ಒಂದು ವಿಷಯ. ನಮ್ಮ ಮನೆಯ ಬಚ್ಚಲಿನಿಂದಲೂ ಅಡಿಗೆಮನೆಯಿಂದಲೂ ಪಾಯಖಾನೆಯಿಂದಲೂ ಹೊರಗೆ ಹೋಗುವ ನೀರು ಎಲ್ಲಿಗೆ ಹೋಗುತ್ತದೆ? "ಎಲ್ಲಿಗೋ ಹೋಗ್ತದೆ, ಇಂಗಿ ಹೋಗ್ತದೆ" ಎಂದು ನೀವು ಹೇಳಬಹುದು. ಸರಿ, ಇಂಗಿ ಹೋಗುತ್ತದೆ. ಇಂಗಿದ ಮೇಲೆ ಎಲ್ಲಿಗೆ ಹೋಗುತ್ತದೆ ಎಂಬುದೇ ಪ್ರಶ್ನೆ.

ಘಟ್ಟದ ಮೇಲಿನ ಊರುಗಳಿಗೂ ನಮ್ಮ ಕರಾವಳಿಗೂ ಇದರಲ್ಲಿ ದೊಡ್ಡ ವ್ಯತ್ಯಾಸ ಉಂಟು. ಅಲ್ಲಿ ಬಾವಿ ತೋಡಿದರೆ ನೀರು ಸಿಗುವುದು ಎಷ್ಟೋ ಆಳದಲ್ಲಿ. ನಮ್ಮಲ್ಲಿ ಕಡಲ ಬದಿಯ ಹೊಯ್ಗೆ ನೆಲದಲ್ಲಿ ಮಳೆಗಾಲದಲ್ಲಿ ಎರಡು ಮೊಳ ತೋಡಿದರೆ ನೀರು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಸೀಮೆ ಇದು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಬೀಳುತ್ತದೆ. ಆಗ ಬಾವಿಯ ನೀರು ಕಟ್ಟೆಯ ಹತ್ತಿರಕ್ಕೇ ಏರಿ ಬರುತ್ತದೆ, ಕೈಯಲ್ಲೇ ಮೊಗೆಯಬಹುದು. ಅದೇ ಹೊತ್ತಿಗೆ ನಮ್ಮ ಪಾಯಖಾನೆಯ ಗುಂಡಿಯೂ ನೆಲದೊಳಗಿನ ಆ ನೀರಿನಲ್ಲೇ ಮುಳುಗಿ ಕೂತಿರುತ್ತದೆ. ಬಾವಿಯ ನೀರು ಬೇರೆ, ಗುಂಡಿಯ ನೀರು ಬೇರೆ ಎಂದು ನಾವು ಮೇಲಿನಿಂದ ಎಣಿಸುತ್ತೇವೆ. ಕೆಳಗೆ ಎರಡೂ ಒಂದೇ ನೀರು.

ಇದನ್ನು ನಾನು ಪುಸ್ತಕದಲ್ಲಿ ಓದಿ ಹೇಳುತ್ತಿಲ್ಲ. ನನ್ನ ಮನೆಯಲ್ಲೇ ಆದ ಒಂದು ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳದಿದ್ದರೆ ಮುಂದಿನ ಮಾತಿಗೆ ಬೆಲೆಯಿಲ್ಲ.

ಕೆಲವು ವರ್ಷಗಳ ಹಿಂದೆ ಊರಿನ ನಮ್ಮ ಮನೆಗೆ ಹೊಸ ಪಾಯಖಾನೆ ಕಟ್ಟಿಸಿದೆ. ಕೆಲಸದವರು ಕೇಳಿದರು, "ಗುಂಡಿಗೆ ಎಷ್ಟು ರಿಂಗ್ ಇಳಿಸುವುದು?" ಅಂತ. "ಆದಷ್ಟು ಆಳಕ್ಕೆ ಇಳಿಸಿ, ಮತ್ತೆ ಮತ್ತೆ ತೆಗೆಸುವ ರಗಳೆ ಬೇಡ" ಎಂದೆ. ಹತ್ತು ಸಿಮೆಂಟ್ ರಿಂಗ್ ಇಳಿಯಿತು. ನಮ್ಮ ಬಾವಿಗೂ ಗುಂಡಿಗೂ ನಡುವೆ ಅರುವತ್ತು ಅಡಿ ಇತ್ತು. ಟೇಪು ಹಿಡಿದು ನಾನೇ ಅಳೆದಿದ್ದೆ. ವರ್ಷ ಹೋಯಿತು, ಎರಡು ವರ್ಷ ಹೋಯಿತು, ಐದು ವರ್ಷ ಹೋಯಿತು. ಗುಂಡಿ ತುಂಬಲೇ ಇಲ್ಲ. ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದೆ, "ನಮ್ಮ ಗುಂಡಿ ತುಂಬುವುದೇ ಇಲ್ಲ ಮಾರಾಯ್ರೆ" ಎಂದು.

ಒಂದು ಮಳೆಗಾಲ ಊರಿನ ಬಾವಿಗಳ ನೀರನ್ನು ಪರೀಕ್ಷೆ ಮಾಡುವ ಸಣ್ಣ ಬಾಟಲಿಗಳನ್ನು ಮನೆಮನೆಗೆ ಕೊಟ್ಟೆವು. ಆ ಬಾಟಲಿಯಲ್ಲಿ ಔಷಧಿ ಹಚ್ಚಿದ ಒಂದು ಕಾಗದದ ತುಂಡು ಇರುತ್ತದೆ. ಬಾವಿಯ ನೀರನ್ನು ಗುರುತಿನವರೆಗೆ ತುಂಬಿ, ಮುಚ್ಚಳ ಹಾಕಿ, ಬೆಚ್ಚಗಿರುವ ಜಾಗದಲ್ಲಿ ಇಡಬೇಕು. ಒಂದೆರಡು ದಿನದಲ್ಲಿ ನೀರು ಕಪ್ಪಾದರೆ ಅದರಲ್ಲಿ ಮಲದ ಸಂಬಂಧದ ಕ್ರಿಮಿಗಳು ಸೇರಿವೆ ಎಂದು ಅರ್ಥ. ಬಣ್ಣ ಬದಲಾಗದಿದ್ದರೆ ಸದ್ಯಕ್ಕೆ ಚಿಂತೆಯಿಲ್ಲ. ನಮ್ಮ ಬಾವಿಯ ಬಾಟಲಿ ಹಾಗೇ ಉಳಿಯಿತು. ಬೇಲಿಯಾಚೆ ಮನೆಯ ಅಕ್ಕ ತಮ್ಮ ಬಾಟಲಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ತಂದರು. ಶಾಯಿಯ ಹಾಗೆ ಕಪ್ಪು. ಅವರ ಮೊಮ್ಮಗು ಆ ಆಷಾಢದಲ್ಲಿ ಎರಡು ಸಲ ಭೇದಿಯಾಗಿ ಆಸ್ಪತ್ರೆಗೆ ಹೋಗಿ ಬಂದಿತ್ತು. ಎರಡನೆಯ ಸಲ ಡ್ರಿಪ್ ಹಾಕಿಸಿಕೊಂಡು, ಕಣ್ಣು ಒಳಗೆ ಹೋದ ಮಗುವನ್ನು ನಾನೇ ನೋಡಿ ಬಂದಿದ್ದೆ.

ಆ ಹೊತ್ತು ಸಂಜೆ ಟೇಪು ಹಿಡಿದು ಮತ್ತೆ ಅಳೆದೆ. ನನ್ನ ಗುಂಡಿಯಿಂದ ನನ್ನ ಬಾವಿಗೆ ಅರುವತ್ತು ಅಡಿ. ನನ್ನ ಗುಂಡಿಯಿಂದ ಬೇಲಿಯಾಚೆಯ ಅವರ ಬಾವಿಗೆ ಇಪ್ಪತ್ತು ಅಡಿ. ಅದೂ ನೆಲ ಇಳಿಜಾರಾಗಿರುವುದು ಅವರ ಕಡೆಗೆ. ಮಗುವಿನ ಕಾಯಿಲೆ ನನ್ನ ಗುಂಡಿಯಿಂದಲೇ ಬಂತೆಂದು ಪ್ರಮಾಣ ಮಾಡಿ ಹೇಳಲಾರೆ. ಅಲ್ಲವೆಂದೂ ಹೇಳಲಾರೆ. ಮರುದಿನ ಬೆಳಿಗ್ಗೆ ಹೋಗಿ ಅಕ್ಕನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಊರಿಗೆಲ್ಲ ಬುದ್ಧಿ ಹೇಳ್ತಿ ಮಗಾ, ಬೇಲಿ ಆಚೆಗೆ ಒಂದ್ಸಲ ಕಂಡಿಯಾ?" ಎಂದರು. ಬೈದಿದ್ದರೆ ಆಗುತ್ತಿತ್ತು ಅನ್ನಿಸಿತು.

ಆದುದರಿಂದ ಮೊದಲನೆಯ ಮಾತು ಇದು. ತುಂಬದ ಗುಂಡಿ ಒಳ್ಳೆಯ ಗುಂಡಿಯಲ್ಲ. ಅದು ತುಂಬುವುದಿಲ್ಲ ಯಾಕೆಂದರೆ ಅದರಲ್ಲಿದ್ದದ್ದು ನೆಲದ ನೀರಿನೊಡನೆ ಕಲೆತು ಬೇರೆ ಕಡೆ ಹರಿದುಹೋಗುತ್ತದೆ. ಕೊಳೆಯನ್ನು ತಿಂದು ಶುದ್ಧ ಮಾಡುವ ಒಳ್ಳೆಯ ಸೂಕ್ಷ್ಮಜೀವಿಗಳು ಹೆಚ್ಚಾಗಿ ಇರುವುದು ನೆಲದ ಮೇಲುಪದರದಲ್ಲಿ, ಗಾಳಿಯಾಡುವ ಮಣ್ಣಿನಲ್ಲಿ. ಕೊಳೆ ನೀರು ಅಂಥ ಒಣ ಮಣ್ಣಿನ ಮೂಲಕ ನಿಧಾನವಾಗಿ ಇಳಿದರೆ ರೋಗದ ಕ್ರಿಮಿಗಳು ಮಣ್ಣಿನ ಕಣಗಳಿಗೆ ಅಂಟಿಕೊಂಡು ಸಾಯುತ್ತವೆ. ಆಳದ ಗುಂಡಿ ಮಾಡಿದರೆ ಆ ಮಣ್ಣನ್ನೆಲ್ಲ ದಾಟಿಸಿ, ಕೊಳೆಯನ್ನು ಕೊಡಪಾನದಲ್ಲಿ ಹೊತ್ತು ಹೋಗಿ ನೆಲದ ನೀರಿಗೆ ಸುರಿದ ಹಾಗೆ. ಆಳ ಹೆಚ್ಚಾದಷ್ಟೂ ಕೆಡುಕು ಹೆಚ್ಚು.

ಇದು ಹೊಸದಾಗಿ ತಿಳಿದ ವಿಷಯವೂ ಅಲ್ಲ. 1854ರಲ್ಲಿ ಲಂಡನ್ ನಗರದ ಬ್ರಾಡ್ ಸ್ಟ್ರೀಟ್ ಎಂಬ ಬೀದಿಯಲ್ಲಿ ಕಾಲರಾ ಬಂದು ಕೆಲವೇ ದಿನಗಳಲ್ಲಿ ಐನೂರಕ್ಕಿಂತ ಹೆಚ್ಚು ಮಂದಿ ಸತ್ತರು. ಜಾನ್ ಸ್ನೋ ಎಂಬ ವೈದ್ಯರು ಮನೆಮನೆಗೆ ಹೋಗಿ ವಿಚಾರಿಸಿ, ಸತ್ತವರಲ್ಲಿ ಹೆಚ್ಚಿನವರು ಒಂದೇ ಪಂಪಿನ ನೀರು ಕುಡಿದವರೆಂದು ಕಂಡುಹಿಡಿದರು. ಆಮೇಲೆ ಅಗೆದು ನೋಡಿದರೆ, ಆ ಪಂಪಿನ ಬಾವಿಯಿಂದ ಮೂರಡಿಯೂ ದೂರವಿಲ್ಲದಲ್ಲಿ ಒಂದು ಮನೆಯ ಹಳೆಯ ಮಲದ ಗುಂಡಿ ಸೋರುತ್ತಿತ್ತು. ಆ ಬಾವಿಯ ನೀರು ರುಚಿಯಾಗಿದೆ, ತಿಳಿಯಾಗಿದೆ ಎಂದೇ ಜನ ಕುಡಿಯುತ್ತಿದ್ದರು. ನಮ್ಮ ಬಾವಿಯ ನೀರೂ ತಿಳಿಯಾಗಿಯೇ ಇರುತ್ತದೆ. ಕಣ್ಣಿಗೆ ತಿಳಿ, ನಾಲಿಗೆಗೆ ಸಿಹಿ ಎಂಬುದು ಸಾಕ್ಷಿಯಾಗುವುದಿಲ್ಲ.

ಹಾಗಾದರೆ ಏನು ಮಾಡತಕ್ಕದ್ದು? ಮನೆಯಿಂದ ಹೋಗುವ ನೀರನ್ನು ಎರಡಾಗಿ ಬೇರೆ ಮಾಡಿ. ಪಾಯಖಾನೆಯದು ಒಂದು ದಾರಿ. ಸ್ನಾನ, ಬಟ್ಟೆ, ಪಾತ್ರೆ ತೊಳೆದ ನೀರಿನದು ಇನ್ನೊಂದು ದಾರಿ. ಎರಡನ್ನೂ ಒಂದೇ ಕೊಳವೆಗೆ ಸೇರಿಸಕೂಡದು. ಸೇರಿಸಿದರೆ ಸ್ವಲ್ಪ ಕೆಟ್ಟ ನೀರು ಪೂರ್ತಿ ಕೆಟ್ಟ ನೀರಾಗುತ್ತದೆ. ಗುಂಡಿಯೂ ಬೇಗ ತುಂಬುತ್ತದೆ.

ಮೊದಲು ಪಾಯಖಾನೆಯ ದಾರಿ. ನಮ್ಮ ಹಳ್ಳಿಗಳಿಗೆ ಒಪ್ಪುವುದು ಎರಡು ಗುಂಡಿಯ ಪಾಯಖಾನೆ. ಐದು ಮಂದಿಯ ಮನೆಗೆ ಒಂದು ಮೀಟರ್ ಅಗಲದ, ಸುಮಾರು ಒಂದೂಕಾಲು ಮೀಟರ್ ಆಳದ ಎರಡು ದುಂಡು ಗುಂಡಿ ಸಾಕು. ಎರಡರ ನಡುವೆ ಕನಿಷ್ಠ ಒಂದು ಮೀಟರ್ ಅಂತರ ಇರಲಿ. ಗೋಡೆಯನ್ನು ಇಟ್ಟಿಗೆ ಅಥವಾ ಕಲ್ಲಿನಲ್ಲಿ ಜೇನುಗೂಡಿನ ಹಾಗೆ ನಡುನಡುವೆ ಕಿಂಡಿ ಬಿಟ್ಟು ಕಟ್ಟಬೇಕು. ಮೇಲೆ ಭದ್ರವಾದ ಚಪ್ಪಡಿ. ಬೇಸನ್ನಿನಿಂದ ಬರುವ ಕೊಳವೆ ಒಂದು ಸಣ್ಣ ತೊಟ್ಟಿಯಲ್ಲಿ ಕವಲೊಡೆದು ಎರಡೂ ಗುಂಡಿಗೆ ಹೋಗುತ್ತದೆ. ಒಂದು ಕವಲನ್ನು ಮುಚ್ಚಿಟ್ಟು ಇನ್ನೊಂದನ್ನು ಬಳಸಬೇಕು. ಸುಮಾರು ಮೂರು ವರ್ಷಕ್ಕೆ ಅದು ತುಂಬಿದಾಗ ಆ ಕವಲನ್ನು ಮುಚ್ಚಿ ಎರಡನೆಯದನ್ನು ತೆರೆಯುವುದು. ತುಂಬಿದ ಗುಂಡಿಯನ್ನು ಪೂರಾ ಎರಡು ವರ್ಷ ಮುಟ್ಟದೆ ಬಿಡಬೇಕು. ಆಮೇಲೆ ತೆರೆದು ನೋಡಿ. ವಾಸನೆಯಿಲ್ಲದ, ಕಪ್ಪು ಹುಡಿಮಣ್ಣಿನಂಥ ಗೊಬ್ಬರ ಇರುತ್ತದೆ.

"ಎರಡು ವರ್ಷ ಯಾತಕ್ಕೆ, ಆರು ತಿಂಗಳು ಸಾಲದೆ?" ಎಂದು ಕೇಳುವವರಿದ್ದಾರೆ. ಸಾಲದು. ಭೇದಿಯ ಕ್ರಿಮಿಗಳು ಬೇಗ ಸಾಯುತ್ತವೆ, ಜಂತುಹುಳುವಿನ ಮೊಟ್ಟೆ ಬೇಗ ಸಾಯುವುದಿಲ್ಲ. ಅದು ಗಟ್ಟಿ ಜೀವ. ಅದಕ್ಕಾಗಿಯೇ ಈ ಕಾಯುವಿಕೆ. ಹಾಗೆ ಕಾದು ತೆಗೆದ ಗೊಬ್ಬರವನ್ನು ತೆಂಗಿನ ಬುಡಕ್ಕೂ ಅಡಕೆ, ಬಾಳೆಗೂ ಹಾಕಿ ಮಣ್ಣು ಮುಚ್ಚಬಹುದು. ಹಸಿಯಾಗಿ ತಿನ್ನುವ ಸೊಪ್ಪು ತರಕಾರಿಗೆ ಹಾಕುವುದು ಬೇಡ.

ಈಗ ದೂರದ ಮಾತು. ಗುಂಡಿಗೂ ಕುಡಿಯುವ ಬಾವಿಗೂ ನಡುವೆ 15 ಮೀಟರ್, ಎಂದರೆ ಸುಮಾರು 50 ಅಡಿ ಇರುವಂತೆ ನೋಡಿಕೊಳ್ಳಿ. ಮುರಕಲ್ಲಿನ ನೆಲವಾದರೆ ಇನ್ನೂ ದೂರ ಹೋಗಬೇಕು. ಮುರಕಲ್ಲಿನಲ್ಲಿ ತೂತುಗಳೂ ಬಿರುಕುಗಳೂ ಇರುವುದರಿಂದ ನೀರು ಸೋಸದೆ ನೇರವಾಗಿ ಓಡುತ್ತದೆ. ಗುಂಡಿ ಬಾವಿಗಿಂತ ತಗ್ಗಿನ ಬದಿಗೆ ಇರಲಿ. ನಿಮ್ಮ ಬಾವಿಯಿಂದ ಮಾತ್ರ ಅಳೆಯಬೇಡಿ. ನೆರೆಮನೆಯವರ ಬಾವಿಯಿಂದಲೂ ಅಳೆಯಿರಿ. ನೀರಿಗೆ ಬೇಲಿ ಗೊತ್ತಿಲ್ಲ.

ಗುಂಡಿಯ ತಳಕ್ಕೂ ಮಳೆಗಾಲದ ನೀರಿನ ಮಟ್ಟಕ್ಕೂ ನಡುವೆ ಎರಡು ಮೀಟರ್ ಒಣ ಮಣ್ಣು ಸಿಕ್ಕಿದರೆ ಉತ್ತಮ. ಕಡಲ ಬದಿಯಲ್ಲಿ ಅದು ಸಿಗುವುದು ಕಷ್ಟ. ಅಂಥಲ್ಲಿ ಗುಂಡಿಯನ್ನು ಕೆಳಗೆ ಇಳಿಸುವ ಬದಲು ಮೇಲಕ್ಕೆ ಎತ್ತಬೇಕು. ಪಾಯಖಾನೆಯ ಜಗಲಿಯನ್ನು ಮೂರು ನಾಲ್ಕು ಮೆಟ್ಟಿಲು ಎತ್ತರಿಸಿ, ಗುಂಡಿಯ ಅರ್ಧ ಭಾಗ ನೆಲದ ಮೇಲೆಯೇ ಬರುವಂತೆ ಕಟ್ಟಿ, ಸುತ್ತ ಮಣ್ಣು ತುಂಬಿ ದಿಬ್ಬ ಮಾಡುವುದು. ಆದರೂ ತಳ ನೀರಿನಲ್ಲಿ ಮುಳುಗುವ ಹಾಗಿದ್ದರೆ ತಳಕ್ಕೆ ಜೇಡಿಮಣ್ಣು ಕುಟ್ಟಿ ಅಥವಾ ಪ್ಲಾಸ್ಟಿಕ್ ಹಾಳೆ ಹಾಸಿ ಬಂದು ಮಾಡಿ, ಗೋಡೆಯ ಸುತ್ತ ಅರ್ಧ ಮೀಟರ್ ದಪ್ಪಕ್ಕೆ ನುಣ್ಣಗಿನ ಹೊಯ್ಗೆ ತುಂಬಬೇಕು. ಆ ಹೊಯ್ಗೆಯೇ ಶೋಧಕ. ಅಂಗಳದಲ್ಲಿ ದಿಬ್ಬ ಕಾಣುವುದು ಚಂದವಲ್ಲ ಎನ್ನುತ್ತಾರೆ ಕೆಲವರು. ಅದರ ಇಳಿಜಾರಿನಲ್ಲಿ ನಾಲ್ಕು ದಾಸವಾಳದ ಗಿಡ ನೆಟ್ಟರೆ ಚಂದವೂ ಆಯಿತು.

ಸೆಪ್ಟಿಕ್ ಟ್ಯಾಂಕ್ ಇರುವವರಿಗೆ ಒಂದೆರಡು ಮಾತು. ಸೆಪ್ಟಿಕ್ ಟ್ಯಾಂಕ್ ಎಂದರೆ ತಳವೂ ಗೋಡೆಯೂ ನೀರು ಸೋರದಂತೆ ಕಟ್ಟಿದ, ಒಳಗೆ ಎರಡು ಕೋಣೆಯಿರುವ ತೊಟ್ಟಿ. ತಳವಿಲ್ಲದ ರಿಂಗಿನ ಬಾವಿಗೆ ಸೆಪ್ಟಿಕ್ ಟ್ಯಾಂಕ್ ಎಂದು ಹೆಸರಿಟ್ಟರೆ ಅದು ಟ್ಯಾಂಕ್ ಆಗುವುದಿಲ್ಲ. ಸರಿಯಾದ ಟ್ಯಾಂಕಿನಿಂದ ಹೊರಬರುವ ನೀರು ಕೂಡ ಶುದ್ಧವಲ್ಲ. ಗಟ್ಟಿ ಅಂಶ ಕೆಳಗೆ ಕೂತಿರುತ್ತದೆ, ರೋಗದ ಕ್ರಿಮಿಗಳು ನೀರಿನೊಡನೆ ಹೊರಗೆ ಬರುತ್ತವೆ. ಆದುದರಿಂದ ಆ ನೀರನ್ನು ರಸ್ತೆಯ ಚರಂಡಿಗೋ ತೋಡಿಗೋ ಬಿಡದೆ ಇಂಗುಗುಂಡಿಗೆ ಬಿಡಬೇಕು. ಗಾಳಿ ಕೊಳವೆಯ ಬಾಯಿಗೆ ಸೊಳ್ಳೆ ಬಲೆ ಕಟ್ಟಬೇಕು. ಆನೆಕಾಲು ರೋಗವನ್ನು ಹರಡುವ ಕ್ಯೂಲೆಕ್ಸ್ ಸೊಳ್ಳೆ ಇಂಥ ಕೊಳೆ ನೀರಿನಲ್ಲೇ ಹುಟ್ಟುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಹೀರುವ ಯಂತ್ರದ ಲಾರಿ ತರಿಸಿ ಕೆಸರು ತೆಗೆಸಬೇಕು. ಆ ಲಾರಿಯವರು ಅದನ್ನು ರಾತ್ರಿ ಹೊತ್ತು ಹೊಳೆಬದಿಗೆ ಸುರಿದು ಹೋಗದಂತೆ, ಸಂಸ್ಕರಣೆ ಮಾಡುವ ಘಟಕಕ್ಕೆ ಒಯ್ಯುವಂತೆ ಕೇಳಿ ಖಾತರಿ ಮಾಡಿಕೊಳ್ಳುವುದು ನಮ್ಮ ಜವಾಬ್ದಾರಿ. ಇಂಥ ಕೆಸರಿಗೆಂದೇ ಒಂದು ಘಟಕ ನಮ್ಮ ರಾಜ್ಯದ ದೇವನಹಳ್ಳಿಯಲ್ಲಿ 2015ರಲ್ಲಿ ಆರಂಭವಾಯಿತು. ಅಲ್ಲಿ ಕೆಸರನ್ನು ಹಾಸಿಗೆಯಲ್ಲಿ ಒಣಗಿಸಿ ಗೊಬ್ಬರ ಮಾಡುವ ಕ್ರಮವನ್ನು ನೋಡಿ ಬಂದು ಬೇರೆ ಊರಿನವರೂ ಕಲಿತಿದ್ದಾರೆ.

ಇನ್ನೊಂದು ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ. ಗುಂಡಿಗಾಗಲಿ ಟ್ಯಾಂಕಿಗಾಗಲಿ ಮನುಷ್ಯನನ್ನು ಇಳಿಸಕೂಡದು. ಅದರಲ್ಲಿ ಕಣ್ಣಿಗೆ ಕಾಣದ ವಿಷಗಾಳಿ ಇರುತ್ತದೆ. ಒಂದೆರಡು ಉಸಿರಿಗೆ ಪ್ರಜ್ಞೆ ತಪ್ಪುತ್ತದೆ. ಒಬ್ಬನನ್ನು ಎತ್ತಲು ಇಳಿದ ಇನ್ನೊಬ್ಬನೂ ಅಲ್ಲೇ ಬೀಳುತ್ತಾನೆ. 2013ರ ಕಾನೂನಿನ ಪ್ರಕಾರ ಹಾಗೆ ಇಳಿಸುವುದು ಅಪರಾಧ. ಕಾನೂನು ಇಲ್ಲದಿದ್ದರೂ ಅದು ಅಪರಾಧವೇ.

ಈಗ ಎರಡನೆಯ ದಾರಿ, ಬಚ್ಚಲು ನೀರಿನ ದಾರಿ. ಇದು ಕೃಷಿಕನಿಗೆ ಸಂತೋಷದ ವಿಷಯ. ಜಲ ಜೀವನ್ ಮಿಷನ್ 2019ರಲ್ಲಿ ಪ್ರಾರಂಭವಾದಾಗ ಮನೆಯ ನಲ್ಲಿಯಲ್ಲಿ ತಲೆಗೆ ದಿನಕ್ಕೆ 55 ಲೀಟರ್ ನೀರು ಎಂದು ಲೆಕ್ಕ ಇಟ್ಟರು. ಐದು ಮಂದಿಯ ಮನೆಗೆ 275 ಲೀಟರ್. ಇದರಲ್ಲಿ ಮೂರರಲ್ಲಿ ಎರಡು ಪಾಲು, ಎಂದರೆ ಹೆಚ್ಚುಕಡಿಮೆ 180 ಲೀಟರ್, ಬಚ್ಚಲು ನೀರಾಗಿ ಹೊರಗೆ ಹೋಗುತ್ತದೆ. ಹಿಂದೆ ಬಾವಿಯಿಂದ ಸೇದಿ ತರುವಾಗ ಇಷ್ಟು ನೀರು ಖರ್ಚಾಗುತ್ತಿರಲಿಲ್ಲ. ನಲ್ಲಿ ಬಂದ ಮೇಲೆ ಒಳಗೆ ಬರುವ ನೀರಿನ ಮೇಲೆ ನಮಗೆ ಕಣ್ಣು, ಹೊರಗೆ ಹೋಗುವ ನೀರಿನ ಮೇಲೆ ಇಲ್ಲ.

ಮಾರ್ಚಿ, ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ತೆಂಗಿನ ಸ್ಥಿತಿ ನಿಮಗೆ ಗೊತ್ತು. ಹೊಯ್ಗೆ ಕಾದಿರುತ್ತದೆ, ಕೆಲವು ಬಾವಿಗಳಿಗೆ ಉಪ್ಪು ಏರಿರುತ್ತದೆ, ಎಳನೀರು ಕಟ್ಟುವ ಮೊದಲೇ ಮಿಡಿ ಉದುರುತ್ತದೆ. ಫಲ ಬಿಡುವ ತೆಂಗಿಗೆ ಬೇಸಿಗೆಯಲ್ಲಿ ನಾಲ್ಕು ದಿನಕ್ಕೊಮ್ಮೆ 200 ಲೀಟರ್ ನೀರು ಕೊಡಬೇಕೆಂಬುದು ತಜ್ಞರ ಶಿಫಾರಸು. ಈಗ ಲೆಕ್ಕ ಹಾಕಿ. ನಿಮ್ಮ ಬಚ್ಚಲಿನಿಂದ ದಿನಕ್ಕೆ 180 ಲೀಟರ್ ಬರುತ್ತದೆ. ದಿನಕ್ಕೊಂದು ಮರದ ಬುಡಕ್ಕೆ ತಿರುಗಿಸಿದರೆ ನಾಲ್ಕು ದಿನಕ್ಕೆ ನಾಲ್ಕು ಮರ ಆಯಿತು. ಐದನೆಯ ದಿನ ಮತ್ತೆ ಮೊದಲನೆಯ ಮರದ ಸರದಿ. ಪಂಪು ಬೇಡ, ಕರೆಂಟು ಬೇಡ. ನಾಲ್ಕು ತೆಂಗಿನ ಮರ ಬೇಸಿಗೆ ಕಳೆಯುತ್ತದೆ. ಹೊಸ ಬಾವಿ ತೋಡಿದರೂ ಉಪ್ಪು ನೀರೇ ಬರುವಲ್ಲಿ ಇದು ಸಣ್ಣ ಲಾಭವಲ್ಲ.

ಮಾಡುವ ಕ್ರಮ ಹೀಗೆ. ಬಚ್ಚಲಿನ ಹೊರಗೆ ಎರಡು ಅಡಿ ಚೌಕದ ಒಂದು ಸಣ್ಣ ತೊಟ್ಟಿ ಕಟ್ಟಿ. ಜಿಡ್ಡು ಮೇಲೆ ತೇಲಿ ನಿಲ್ಲುವಂತೆ, ಹೊರಹೋಗುವ ಕೊಳವೆಯ ಬಾಯಿಯನ್ನು ನೀರಿನೊಳಗೆ ಬಗ್ಗಿಸಿಡಿ. ನೀರು ತೊಟ್ಟಿಗೆ ಬೀಳುವಲ್ಲಿ ತೂತು ಮಾಡಿದ ಹಳೆಯ ಬಕೆಟ್ಟಿನಲ್ಲಿ ತೆಂಗಿನ ನಾರು ತುಂಬಿಡಿ. ಅನ್ನದ ಅಗುಳು, ಮೀನಿನ ಪೊರೆ, ಕೂದಲು ಎಲ್ಲ ಅಲ್ಲಿ ನಿಲ್ಲುತ್ತದೆ. ವಾರಕ್ಕೊಮ್ಮೆ ನಾರನ್ನು ಗೊಬ್ಬರದ ಗುಂಡಿಗೆ ಎಸೆದು ಹೊಸದು ಹಾಕಿ. ಅಲ್ಲಿಂದ ಮುಂದೆ ಕೊಳವೆಯಲ್ಲಿ ಅಥವಾ ಸಿಮೆಂಟಿನ ತೋಡಿನಲ್ಲಿ ಮರದ ಬುಡಕ್ಕೆ. ಬುಡದ ಸುತ್ತ ಕಟ್ಟೆ ಮಾಡಿ, ಸೋಗೆಯಿಂದಲೋ ತೆಂಗಿನ ಸಿಪ್ಪೆಯಿಂದಲೋ ಮುಚ್ಚಿ. ನೀರು ಮೇಲೆ ನಿಲ್ಲದೆ ಅಡಿಯಲ್ಲಿ ಇಂಗಬೇಕು.

ಮೂರು ಎಚ್ಚರಿಕೆ. ಈ ನೀರನ್ನು ಒಂದು ದಿನಕ್ಕಿಂತ ಹೆಚ್ಚು ಕೂಡಿಡಬೇಡಿ, ನಾರುತ್ತದೆ. ಸೊಪ್ಪು ತರಕಾರಿಯ ಮೇಲೆ ಚಿಮುಕಿಸಬೇಡಿ. ಬಾಳೆ, ತೆಂಗು, ಕೆಸು, ಹೂವಿನ ಗಿಡದ ಬುಡಕ್ಕೆ ಮಾತ್ರ. ಸೋಡಾ ಹೆಚ್ಚಿರುವ ಸಾಬೂನು ಪುಡಿ ಹಾಕಿ ಒಗೆದ ಮೊದಲ ನೀರನ್ನು ಒಂದೇ ಗಿಡಕ್ಕೆ ದಿನಾ ಬಿಡಬೇಡಿ. ಅದರಲ್ಲಿರುವ ಸೋಡಿಯಂ ಮಣ್ಣನ್ನು ಗಟ್ಟಿ ಮಾಡುತ್ತದೆ. ನಮ್ಮ ಪುಣ್ಯಕ್ಕೆ ಮಳೆಗಾಲ ಬಂದಾಗ ಆ ಉಪ್ಪೆಲ್ಲ ತೊಳೆದುಹೋಗುತ್ತದೆ. ಆದರೂ ಸರದಿ ತಪ್ಪಿಸಬೇಡಿ.

ಮಳೆಗಾಲದಲ್ಲಿ ತೆಂಗಿಗೆ ನೀರು ಬೇಡ. ಆಗ ಬಾವಿಯಿಂದ ದೂರದಲ್ಲಿ, ಸುತ್ತಲಿನ ನೆಲಕ್ಕಿಂತ ಎತ್ತರವಾಗಿ ಒಂದು ಮಡಿ ಮಾಡಿ. ಕೆಳಗೆ ಮುರಕಲ್ಲಿನ ಚೂರು, ಮೇಲೆ ಹೊಯ್ಗೆ, ಅದರ ಮೇಲೆ ಕಾಬಾಳೆ, ಕೆಸು, ಬಾಳೆ. ಬಚ್ಚಲು ನೀರನ್ನು ಆ ಮಡಿಯ ಕಲ್ಲಿನ ಪದರಕ್ಕೆ ಬಿಡುವುದು. ಗಿಡದ ಬೇರು ಕುಡಿದಷ್ಟು ಕುಡಿಯುತ್ತದೆ, ಉಳಿದದ್ದು ಸೋಸಿ ಹೋಗುತ್ತದೆ.

ಮೀನು ಕೊಯ್ದ ತ್ಯಾಜ್ಯದ ವಿಷಯ. ಕರುಳು, ಕಿವಿರು, ಪೊರೆ ಇವನ್ನು ನೀರಿನೊಡನೆ ಬಿಡಬೇಡಿ. ಒಂದು ಬುಟ್ಟಿಯಲ್ಲಿ ಹಿಡಿದು, ತೆಂಗಿನ ಬುಡದಲ್ಲಿ ಒಂದಡಿ ತೋಡಿ ಹಾಕಿ ಮಣ್ಣು ಮುಚ್ಚಿದರೆ ಸಾರಜನಕದ ಒಳ್ಳೆಯ ಗೊಬ್ಬರ. ನೀರಿನೊಡನೆ ಬಿಟ್ಟರೆ ನೊಣ, ನಾಯಿ, ನಾತ. ವಸ್ತು ಒಂದೇ, ಇಡುವ ಜಾಗ ಬೇರೆ.

ಇಷ್ಟೆಲ್ಲ ಹಿತ್ತಲು ಇದ್ದವರಿಗೆ ಆಯಿತು. ಕಡಲ ಬದಿಯ ಮೀನುಗಾರರ ಕೇರಿಯಲ್ಲಿ ಮನೆಗೆ ಮನೆ ತಾಗಿಕೊಂಡಿರುತ್ತದೆ. ಅಲ್ಲಿ ಯಾರ ಗುಂಡಿ ತೋಡಿದರೂ ಯಾರದೋ ಬಾವಿಯ ಪಕ್ಕ. "ಐವತ್ತು ಅಡಿ ದೂರ ಎಲ್ಲಿಂದ ತರುವುದು ಸ್ವಾಮಿ?" ಎಂದು ಅವರು ಕೇಳುವುದು ನ್ಯಾಯವೇ. ಅಂಥ ಕೇರಿಗೆ ಒಬ್ಬೊಬ್ಬರ ಗುಂಡಿ ಪರಿಹಾರವಲ್ಲ, ಹತ್ತಿಪ್ಪತ್ತು ಮನೆ ಸೇರಿ ಒಂದು ಏರ್ಪಾಡು ಮಾಡಬೇಕು. ಮನೆಗಳ ನೀರನ್ನು ಮುಚ್ಚಿದ ಕೊಳವೆಯಲ್ಲಿ ಒಂದು ಕಡೆಗೆ ತಂದು, ಮೊದಲು ಕೆಸರು ಕೂರುವ ತೊಟ್ಟಿಯಲ್ಲಿ ನಿಲ್ಲಿಸುವುದು. ಬಳಿಕ ನೀರು ಅಡ್ಡಗೋಡೆಗಳ ತೊಟ್ಟಿಯಲ್ಲಿ ಮೇಲೆ ಕೆಳಗೆ ಹಾಯುತ್ತಾ ಹೋಗುತ್ತದೆ. ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಅಲ್ಲಿ ಕೊಳೆಯನ್ನು ತಿನ್ನುತ್ತವೆ. ಕೊನೆಗೆ ಸುಮಾರು ಎರಡು ಅಡಿ ಆಳದ ಜಲ್ಲಿಯ ಹಾಸಿಗೆ. ಅದರಲ್ಲಿ ಜೊಂಡು, ಕಾಬಾಳೆ ಬೆಳೆಸಬೇಕು. ನೀರು ಜಲ್ಲಿಯ ಮೇಲೆ ಕಾಣದೆ ಒಳಗಿಂದಲೇ ನಿಧಾನವಾಗಿ ಹರಿಯಬೇಕು. ಕಂಡರೆ ಸೊಳ್ಳೆ ಬಂತೆಂದು ತಿಳಿಯಿರಿ. ಈ ಹಾಸಿಗೆಗೆ ತಲೆಗೆ ಒಂದರಿಂದ ಎರಡು ಚದರ ಮೀಟರ್ ಜಾಗ ಹಿಡಿಯಬಹುದು. ಇದಕ್ಕೆ ದೊಡ್ಡ ಯಂತ್ರವಿಲ್ಲ. ಆದರೆ ತೊಟ್ಟಿಯ ಕೆಸರು ತೆಗೆಸುವ, ಗಿಡ ಕತ್ತರಿಸುವ, ಕೊಳವೆ ಕಟ್ಟಿದಾಗ ಬಿಡಿಸುವ ಕೆಲಸಕ್ಕೆ ಹೆಸರು ಹಿಡಿದು ಒಬ್ಬರನ್ನು ನೇಮಿಸದಿದ್ದರೆ ಎರಡೇ ಮಳೆಗಾಲಕ್ಕೆ ಅದು ಹಾಳು.

ಕರಾವಳಿಯಲ್ಲಿ ಇಂಥದನ್ನು ಕಟ್ಟುವಾಗ ಭರತವನ್ನು ಮರೆಯಬಾರದು. ಹುಣ್ಣಿಮೆ ಅಮಾವಾಸ್ಯೆಯ ಭರತಕ್ಕೆ ಅಳಿವೆಯ ನೀರು ಎಲ್ಲಿಯವರೆಗೆ ಏರುತ್ತದೆಂದು ಊರಿನ ಹಿರಿಯರನ್ನು ಕೇಳಿ ಗುರುತು ಹಾಕಿ, ಅದಕ್ಕಿಂತ ಮೇಲೆ ಕಟ್ಟಬೇಕು. ಇಲ್ಲದಿದ್ದರೆ ಉಪ್ಪು ನೀರು ಕೊಳವೆಯಲ್ಲಿ ಹಿಂದಕ್ಕೆ ನುಗ್ಗಿ, ಕೆಲಸ ಮಾಡುವ ಸೂಕ್ಷ್ಮಜೀವಿಗಳನ್ನೂ ಗಿಡವನ್ನೂ ಕೊಲ್ಲುತ್ತದೆ. ಕಡಲ ದಂಡೆಯ ನಿಯಮಗಳ ಪ್ರಕಾರ ಅನುಮತಿಯೂ ಬೇಕಾಗುತ್ತದೆ. ಪಂಚಾಯತಿಯಲ್ಲಿ ಮೊದಲೇ ವಿಚಾರಿಸಿ.

"ಸಮುದ್ರ ದೊಡ್ಡದು, ಎಷ್ಟು ಬಿಟ್ಟರೂ ಏನಾಗ್ತದೆ?" ಎಂಬ ಮಾತು ಕೇಳಿದ್ದೇನೆ. ನಮ್ಮ ಕೊಳೆ ನೇರವಾಗಿ ಸಮುದ್ರಕ್ಕೆ ಹೋಗುವುದಿಲ್ಲ, ಮೊದಲು ಅಳಿವೆಗೆ ಹೋಗುತ್ತದೆ. ಅಘನಾಶಿನಿಯ ಅಳಿವೆಯನ್ನೇ ನೋಡಿ. 2024ರಲ್ಲಿ ಅದು ರಾಮ್ಸರ್ ಪಟ್ಟಿಗೆ ಸೇರಿತು. ಅಲ್ಲಿನ ಗಜನಿಯಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುತ್ತದೆ. ಇಳಿತದ ಹೊತ್ತಿಗೆ ಹೆಂಗಸರು ಗಂಡಸರು ಇಳಿದು ಚಿಪ್ಪಿ ಆರಿಸಿ ಮಾರಿ ಸಂಸಾರ ಸಾಗಿಸುತ್ತಾರೆ. ಚಿಪ್ಪಿ ಉಣ್ಣುವುದೇ ನೀರನ್ನು ಸೋಸಿ. ನೀರಿನಲ್ಲಿ ಕ್ರಿಮಿ ಇದ್ದರೆ ಅದನ್ನೂ ತನ್ನೊಳಗೆ ಕೂಡಿಸಿಕೊಳ್ಳುತ್ತದೆ. ಅಳಿವೆ ಕೆಟ್ಟರೆ ಆ ಚಿಪ್ಪಿಯನ್ನು ಕೊಳ್ಳುವವರು ಯಾರು? ಹೀಗೆ ಒಂದು ಕೇರಿಯ ಕೊಳವೆ ಇನ್ನೊಂದು ಕೇರಿಯ ಅನ್ನಕ್ಕೆ ಮುಟ್ಟುತ್ತದೆ.

ಕಡೆಗೆ ಬಾವಿಯ ವಿಷಯ. ಬಾಟಲಿ ಕಪ್ಪಾದರೆ ಹೆದರಿ ಕೂರಬೇಡಿ. ಅವತ್ತಿನಿಂದ ಕುಡಿಯುವ ನೀರನ್ನು ಕೊತಕೊತ ಕುದಿಸಿ ಕುಡಿಯಿರಿ. ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿ. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಲೆಕ್ಕ. ಬಾವಿಯ ಅಗಲವನ್ನು ಅಗಲದಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಬಂದದ್ದನ್ನು 785ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ, ಅಳತೆ ಮೀಟರಿನಲ್ಲಿರಬೇಕು. ಮೂರು ಮೀಟರ್ ಅಗಲದ ಬಾವಿಯಲ್ಲಿ ಎರಡು ಮೀಟರ್ ನೀರಿದ್ದರೆ ಸುಮಾರು 14 ಸಾವಿರ ಲೀಟರ್, 35 ಗ್ರಾಂ ಪುಡಿ. ನೀರು ಕದಡಿದ್ದರೆ ಇನ್ನೂ ಸ್ವಲ್ಪ ಹೆಚ್ಚು. ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ಹತ್ತು ನಿಮಿಷ ಬಿಟ್ಟು, ಕೆಳಗೆ ಕೂತ ಸುಣ್ಣ ಬಿಟ್ಟು ಮೇಲಿನ ತಿಳಿಯನ್ನು ಬಾವಿಗೆ ಸುರಿಯಿರಿ. ಕೊಡಪಾನವನ್ನು ಇಳಿಸಿ ಎತ್ತಿ ಕಲಕಿ. ರಾತ್ರಿ ಹಾಕಿದರೆ ಬೆಳಿಗ್ಗೆ ಬಳಸಬಹುದು. ಆದರೆ ಇದು ಒಂದು ಹೊತ್ತಿನ ಮದ್ದು. ಗುಂಡಿ ಸರಿಯಾಗದೆ ಬಾವಿ ಸರಿಯಾಗುವುದಿಲ್ಲ. ಕೊಳೆಯಿಂದ ಬರುವ ನೈಟ್ರೇಟ್ ಎಂಬ ಲವಣವಂತೂ ಕುದಿಸಿದರೂ ಹೋಗುವುದಿಲ್ಲ, ಬ್ಲೀಚಿಂಗ್ ಪುಡಿಗೂ ಜಗ್ಗುವುದಿಲ್ಲ. ಲೀಟರಿಗೆ 45 ಮಿಲಿಗ್ರಾಂ ಮೀರಿದರೆ ಹಸುಗೂಸುಗಳಿಗೆ ಅಪಾಯ. ಅದನ್ನು ಪ್ರಯೋಗಶಾಲೆಯಲ್ಲಿ ನೋಡಿಸಬೇಕು.

ನನ್ನ ಕಥೆಯನ್ನು ಅರ್ಧಕ್ಕೆ ಬಿಟ್ಟಿದ್ದೆ. ಆ ವರ್ಷ ದೀಪಾವಳಿ ಕಳೆದ ಮೇಲೆ ಮನೆಯ ಇನ್ನೊಂದು ಬದಿಯಲ್ಲಿ, ಎರಡೂ ಬಾವಿಗಳಿಂದ ಐವತ್ತು ಅಡಿಗಿಂತ ಆಚೆ, ಎತ್ತರದ ದಿಬ್ಬದಲ್ಲಿ ಎರಡು ಗುಂಡಿ ಕಟ್ಟಿಸಿದೆ. ಹಳೆಯ ರಿಂಗಿನ ಗುಂಡಿಯ ಕೊಳವೆ ಕಡಿದು, ಹೊಯ್ಗೆ ಮಣ್ಣು ತುಂಬಿ ಮುಚ್ಚಿದೆ. ನನ್ನ ತಾಯಿ, "ಅಷ್ಟು ಒಳ್ಳೆ ಗುಂಡಿ ಮುಚ್ಚಿ ಹಾಕಿದೆಯಲ್ಲ" ಎಂದು ಎರಡು ದಿನ ಸಿಟ್ಟು ಮಾಡಿದರು. ನೆರೆಮನೆಯವರಿಗೆ ಕುಡಿಯುವ ನೀರು ನಮ್ಮ ಬಾವಿಯಿಂದ ಹೋಗುತ್ತಿತ್ತು. ಮುಂದಿನ ಮಳೆಗಾಲದಲ್ಲಿ ಅಕ್ಕನ ಬಾವಿಯ ಬಾಟಲಿ ಮತ್ತೆ ಕಪ್ಪಾಯಿತು, ಆದರೆ ಎರಡನೆಯ ದಿನದ ಕೊನೆಗೆ. ಅದರ ಮುಂದಿನ ಮಳೆಗಾಲದಲ್ಲಿ ಎರಡು ಸಲ ಪರೀಕ್ಷೆ ಮಾಡಿದೆವು. ಎರಡು ಸಲವೂ ಬಣ್ಣ ಬದಲಾಗಲಿಲ್ಲ. ನೆಲ ತನ್ನನ್ನು ತಾನು ತೊಳೆದುಕೊಳ್ಳಲು ಎರಡು ವರ್ಷ ಹಿಡಿಯಿತು. ಕೆಡಿಸಲು ನನಗೆ ಒಂದು ದಿನದ ಕೂಲಿ ಸಾಕಾಗಿತ್ತು.

ಈ ಹೊತ್ತು ಈ ಪುಸ್ತಕ ಮಡಿಚಿಟ್ಟ ಮೇಲೆ ಒಂದೇ ಒಂದು ಕೆಲಸ ಮಾಡಿ. ಒಂದು ಹಗ್ಗವನ್ನೋ ಟೇಪನ್ನೋ ಹಿಡಿದು ನಿಮ್ಮ ಗುಂಡಿಯಿಂದ ನಿಮ್ಮ ಬಾವಿಗೆ ಅಳೆಯಿರಿ. ಆಮೇಲೆ ಬೇಲಿಯ ಹತ್ತಿರ ನಿಂತು ನೆರೆಯವರನ್ನು ಕರೆದು, ಅವರ ಬಾವಿಗೂ ಅಳೆಯಿರಿ. ಅವರ ಗುಂಡಿಯಿಂದ ನಿಮ್ಮ ಬಾವಿಗೆ ಅವರೂ ಅಳೆಯಲಿ. ಜಗಳ ಬೇಡ, ಅಳತೆ ಸಾಕು. ಮಳೆಗಾಲಕ್ಕೆ ಮುಂಚೆ ಈ ಕೆಲಸ ಮುಗಿದರೆ ನಿಮ್ಮ ಮಕ್ಕಳಿಗೂ ಅವರ ಮಕ್ಕಳಿಗೂ ಒಳ್ಳೆಯದು.